ಲೋಹದ ಮೇಲೆ ಕಡಲು: ಇಂಪ್ರೆಷನಿಸ್ಟ್ ಸಮುದ್ರಚಿತ್ರಗಳ ಪ್ರತಿಕೃತಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ಗೋಕುಲ ರಸ್ತೆಯ ಬದಿಯ ಒಂದು ಸಣ್ಣ ಕಾರ್ಯಾಗಾರದಲ್ಲಿ ನಾವು ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಸಮುದ್ರಚಿತ್ರಗಳನ್ನು ಅಲ್ಯೂಮಿನಿಯಂ ತಗಡಿನ ಮೇಲೆ ಮುದ್ರಿಸಿ, ಧಾರವಾಡ, ಗದಗ ಮತ್ತು ಹಾವೇರಿ ಕಡೆಯ ಮನೆ, ದವಾಖಾನೆ, ಕಚೇರಿಗಳ ಗೋಡೆಗೆ ಹಾಕಲು ಸಿದ್ಧಪಡಿಸಿ ಕೊಡುತ್ತೇವೆ. ಬಂದವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಬಗೆಯವು. ಅವುಗಳಿಗೆ ನಿಂತುಕೊಂಡು ಅವಸರದಲ್ಲಿ ಉತ್ತರಿಸುವುದಕ್ಕಿಂತ ಬರೆದಿಡುವುದು ಲೇಸೆಂದು ಇಲ್ಲಿ ಬರೆದಿದ್ದೇವೆ. ಲೋಹದ ಮೇಲಿನ ಚಿತ್ರದಲ್ಲಿ ಕಾಣಬೇಕಾದ ಬೆಳಕು ಕಲಾವಿದ ಬರೆದ ಬೆಳಕೇ ಹೊರತು ತಗಡಿನ ಹೊಳಪಲ್ಲ ಎಂಬುದು ನಮ್ಮ ನಂಬಿಕೆ. ಮುಂದಿನ ಬಹಳಷ್ಟು ಉತ್ತರಗಳು ಆ ನಂಬಿಕೆಯಿಂದಲೇ ಹುಟ್ಟಿದವು.

ಇಂಪ್ರೆಷನಿಸ್ಟ್ ಸಮುದ್ರಚಿತ್ರ ಎಂದು ಯಾವುದನ್ನು ಕರೆಯುತ್ತೀರಿ?

1874ರಲ್ಲಿ ಪ್ಯಾರಿಸ್ಸಿನಲ್ಲಿ, ಛಾಯಾಗ್ರಾಹಕ ನಾದಾರ್ ಮೊದಲು ಬಳಸುತ್ತಿದ್ದ ಸ್ಟುಡಿಯೊದ ಕೋಣೆಗಳಲ್ಲಿ, ಸರ್ಕಾರಿ ಪ್ರದರ್ಶನವಾದ ಸಲೋನಿನ ಹೊರಗೆ ಕೆಲವು ಚಿತ್ರಕಾರರು ಸೇರಿ ತಮ್ಮದೇ ಪ್ರದರ್ಶನ ನಡೆಸಿದರು. ಅಲ್ಲಿ ಕ್ಲೋದ್ ಮೊನೆ ಇಟ್ಟಿದ್ದ, ಲ ಆವ್ರ್ ಬಂದರಿನ ಮುಂಜಾವಿನ ಚಿತ್ರದ ಹೆಸರು ‘ಇಂಪ್ರೆಷನ್, ಸೂರ್ಯೋದಯ’ ಎಂದಿತ್ತು. ವಿಮರ್ಶಕ ಲೂಯಿ ಲೆರ್ವಾ ಆ ಹೆಸರನ್ನೇ ಹಿಡಿದು ಇಡೀ ಗುಂಪನ್ನು ಇಂಪ್ರೆಷನಿಸ್ಟರು ಎಂದು ಗೇಲಿ ಮಾಡಿದ. ಹೀಯಾಳಿಸಿ ಇಟ್ಟ ಹೆಸರು ಹಾಗೆಯೇ ಉಳಿದುಕೊಂಡಿತು. ಈ ಬಗೆಯ ಚಿತ್ರಕ್ಕೆ ಹೆಸರು ಬಂದದ್ದೇ ಒಂದು ಬಂದರಿನ ನೀರಿನಿಂದ ಎಂಬುದು ನಮಗೆ ಮುಖ್ಯವಾದ ಸಂಗತಿ.

ಅವರಿಗಿಂತ ಮೊದಲು ಸಮುದ್ರವನ್ನು ಬರೆಯುತ್ತಿದ್ದವರಲ್ಲಿ ಬಹುಪಾಲು ಜನ ಹಡಗು, ಯುದ್ಧ, ಬಿರುಗಾಳಿಯಂಥ ಘಟನೆಗಳನ್ನು ಬರೆಯುತ್ತಿದ್ದರು. ಇವರು ಬರೆದದ್ದು ನೀರಿನ ಮೇಲೆ ಬೆಳಕು ಒಂದು ಗಳಿಗೆ ಹೇಗೆ ಬಿದ್ದಿತ್ತು ಎಂಬುದನ್ನು. ಓಂಫ್ಲೋರ್ ಎಂಬ ಬಂದರು ಊರಿನಲ್ಲಿ 1824ರಲ್ಲಿ ಹುಟ್ಟಿದ ಯೂಜೀನ್ ಬೂದಾಂ, ಲ ಆವ್ರ್‌ನಲ್ಲಿ ಬೆಳೆಯುತ್ತಿದ್ದ ಹದಿಹರೆಯದ ಮೊನೆಯನ್ನು ಕರೆದುಕೊಂಡು ಹೋಗಿ ಬಯಲಿನಲ್ಲಿ ಕುಳಿತು ಬರೆಯುವುದನ್ನು ಕಲಿಸಿದ. 1841ರಲ್ಲಿ ಜಾನ್ ಗಾಫ್ ರ್ಯಾಂಡ್ ಎಂಬ ಅಮೆರಿಕದ ಚಿತ್ರಕಾರ ತವರದ ಬಣ್ಣದ ಟ್ಯೂಬಿಗೆ ಪೇಟೆಂಟ್ ಪಡೆದಿದ್ದರಿಂದ, ತಯಾರಾದ ಎಣ್ಣೆಬಣ್ಣವನ್ನು ಚೀಲದಲ್ಲಿಟ್ಟುಕೊಂಡು ದಂಡೆಗೆ ಹೋಗುವುದೂ ಸುಲಭವಾಯಿತು. ಮೊನೆ 1870ರಲ್ಲಿ ಬರೆದ ‘ತ್ರೂವಿಲ್‌ನ ಕಡಲತೀರ’ ಎಂಬ ಸಣ್ಣ ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದರ ಬಣ್ಣದೊಳಗೆ ಆ ದಂಡೆಯ ಮರಳಿನ ಕಣಗಳು ಇಂದಿಗೂ ಸಿಕ್ಕಿಕೊಂಡಿವೆ.

ಸಮುದ್ರವಿಲ್ಲದ ಊರಿನವರಿಗೆ ಸಮುದ್ರದ ಚಿತ್ರ ಯಾಕೆ?

ಎರೆ ಮತ್ತು ಮಸಾರಿ ನೆಲದ ನಡುವೆ ಬದುಕುವವರ ಕಣ್ಣಿಗೆ ನೀಲಿ ವಿಶ್ರಾಂತಿ ಕೊಡುತ್ತದೆ ಎಂಬುದು ನಾವು ಕಂಡುಕೊಂಡ ಉತ್ತರ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲಾ ಮುಟ್ಟಿದಾಗ ಮಕ್ಕಳೆಲ್ಲ ಕಿಟಕಿಗೆ ಮುಗಿಬೀಳುವುದನ್ನು ನೋಡಿದವರು ಈ ಪ್ರಶ್ನೆಯನ್ನು ಮತ್ತೆ ಕೇಳುವುದಿಲ್ಲ.

ತಗಡಿನ ಮೇಲೆ ಚಿತ್ರ ಹೇಗೆ ಮೂಡುತ್ತದೆ? ಅದು ಸ್ಟಿಕ್ಕರೇ?

ಸ್ಟಿಕ್ಕರ್ ಅಲ್ಲ. ನಾವು ಅನುಸರಿಸುವ ವಿಧಾನಕ್ಕೆ ಸಬ್ಲಿಮೇಷನ್ ಎನ್ನುತ್ತಾರೆ. ದೇವರ ಮನೆಯ ಡಬ್ಬಿಯಲ್ಲಿಟ್ಟ ಕರ್ಪೂರ ಕರಗದೆ, ನೀರಾಗದೆ, ಗಾಳಿಯಲ್ಲಿ ಸೇರಿ ದಿನೇ ದಿನೇ ಸಣ್ಣದಾಗುವುದನ್ನು ಎಲ್ಲರೂ ನೋಡಿರುತ್ತೀರಿ. ಘನವಾಗಿರುವ ವಸ್ತು ನೇರವಾಗಿ ಆವಿಯಾಗುವ ಅದೇ ಗುಣ ಈ ಬಣ್ಣಗಳಿಗೂ ಇದೆ. ಮೊದಲು ಚಿತ್ರವನ್ನು ಕನ್ನಡಿಯಲ್ಲಿ ಕಾಣುವಂತೆ ಎಡಬಲ ತಿರುಗಿಸಿ ವಿಶೇಷ ಕಾಗದದ ಮೇಲೆ ಮುದ್ರಿಸುತ್ತೇವೆ. ಸುಮಾರು 1.14 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡಿನ ಮೇಲೆ ಕಾರ್ಖಾನೆಯಲ್ಲಿಯೇ ಬಿಳಿ ಲೇಪ ಮತ್ತು ಪಾಲಿಯೆಸ್ಟರ್ ಪದರ ಹಚ್ಚಿರುತ್ತಾರೆ. ಮುದ್ರಿಸಿದ ಕಾಗದವನ್ನು ಆ ಪದರಕ್ಕೆ ತಾಗಿಸಿ, ಶಾಖ ತಡೆಯುವ ಟೇಪಿನಿಂದ ಅಂಟಿಸಿ, ಹೀಟ್ ಪ್ರೆಸ್ಸಿನಲ್ಲಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಒತ್ತಿದರೆ, ಬಣ್ಣ ಆವಿಯಾಗಿ, ಬಿಸಿಯಿಂದ ಸಡಿಲಗೊಂಡ ಪಾಲಿಯೆಸ್ಟರ್ ಪದರದ ಒಳಗೆ ಹೋಗುತ್ತದೆ. ತಣಿದಾಗ ಅಲ್ಲಿಯೇ ಸೆರೆಯಾಗುತ್ತದೆ. ಆದ್ದರಿಂದ ಉಗುರಿನಿಂದ ಕೆರೆದರೂ ಬಣ್ಣ ಏಳುವುದಿಲ್ಲ.

ಕಾಗದದ ಮೇಲಿರುವಾಗ ಈ ಬಣ್ಣಗಳು ಮಂಕಾಗಿ, ಬೂದಿ ಬಳಿದಂತೆ ಕಾಣುತ್ತವೆ. ಮೊದಲ ಸಲ ನೋಡುವವರಿಗೆ ಚಿತ್ರ ಕೆಟ್ಟಿತೆಂದೇ ಅನ್ನಿಸುತ್ತದೆ. ಪ್ರೆಸ್ಸು ತೆರೆದು, ಬಿಸಿ ಕಾಗದದ ಒಂದು ಮೂಲೆಯನ್ನು ಹಿಡಿದು ಒಂದೇ ಎಳೆತಕ್ಕೆ ಬಿಡಿಸಿದಾಗ, ಕೆಳಗಿನಿಂದ ಕೋಬಾಲ್ಟ್ ನೀಲಿ ಎದ್ದು ಬರುವ ಆ ಗಳಿಗೆಯನ್ನು ನೋಡಲು ನಮ್ಮಲ್ಲಿ ಎಲ್ಲರೂ ಕೈಯಲ್ಲಿನ ಕೆಲಸ ಬಿಟ್ಟು ಬರುತ್ತಾರೆ. ಕಾಗದವನ್ನು ಅಳುಕುತ್ತ, ನಿಧಾನವಾಗಿ ಎಳೆದರೆ ಅದು ಸ್ವಲ್ಪ ಸರಿದು, ಆರದ ಬಣ್ಣ ಮತ್ತೊಮ್ಮೆ ಕೂತು, ಹಾಯಿದೋಣಿಯ ಪಕ್ಕದಲ್ಲಿ ನೆರಳಿನಂಥ ಇನ್ನೊಂದು ದೋಣಿ ಕಾಣಿಸಿಕೊಳ್ಳುತ್ತದೆ. ಅಂಥ ತಗಡನ್ನು ನಾವು ಮಾರುವುದಿಲ್ಲ.

ಇನ್ನೊಂದು ವಿಧಾನವೂ ಚಾಲ್ತಿಯಲ್ಲಿದೆ. ಯುವಿ ಫ್ಲಾಟ್‌ಬೆಡ್ ಯಂತ್ರದಲ್ಲಿ ಶಾಯಿಯನ್ನು ನೇರವಾಗಿ ತಗಡಿನ ಮೇಲೆ ಅಥವಾ 3 ಮಿಲಿಮೀಟರಿನ ಎಸಿಪಿ ಹಲಗೆಯ (ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ ಇರುವ ಹಲಗೆ) ಮೇಲೆ ಸಿಂಪಡಿಸಿ, ನೇರಳಾತೀತ ದೀಪದಿಂದ ಆ ಕ್ಷಣವೇ ಗಟ್ಟಿ ಮಾಡುತ್ತಾರೆ. ಅಂಗಡಿಗಳ ಬೋರ್ಡುಗಳಿಗೆ ಅದು ಬಹಳ ಒಳ್ಳೆಯದು. ದೊಡ್ಡ ಅಳತೆಗಳಿಗೂ ಅನುಕೂಲ. ಆದರೆ ಶಾಯಿ ಮೇಲ್ಮೈಯಲ್ಲಿ ಪದರವಾಗಿ ಕೂರುವುದರಿಂದ, ತಿಳಿ ನೀಲಿ ತಿಳಿ ಬೂದಿಗೆ ಕರಗುವಂಥ ಮಂಜಿನ ಭಾಗಗಳಲ್ಲಿ ಸಬ್ಲಿಮೇಷನ್ನಿನ ನಯ ಅದರಲ್ಲಿ ನಮ್ಮ ಕಣ್ಣಿಗೆ ಕಂಡಿಲ್ಲ.

ಮ್ಯಾಟ್, ಗ್ಲಾಸಿ, ಬೆಳ್ಳಿ ಹೊಳಪು: ಯಾವುದನ್ನು ಆರಿಸಬೇಕು?

ಬಂದವರಲ್ಲಿ ಹೆಚ್ಚಿನವರು ಮೊದಲು ಕೈ ತೋರಿಸುವುದು ಬೆಳ್ಳಿಯಂತೆ ಹೊಳೆಯುವ ತಗಡಿನ ಕಡೆಗೆ. ನೀರಿನ ಚಿತ್ರವಲ್ಲವೇ, ಹೊಳೆದರೆ ಚೆನ್ನ ಎಂಬುದು ಅವರ ವಾದ. ಅದಕ್ಕೆ ನಮ್ಮ ಉತ್ತರ ಸ್ವಲ್ಪ ದೀರ್ಘವಾದದ್ದು.

ಸಬ್ಲಿಮೇಷನ್ನಿನಲ್ಲಿ ಬಿಳಿ ಶಾಯಿ ಎಂಬುದೇ ಇಲ್ಲ. ಚಿತ್ರದಲ್ಲಿ ಎಲ್ಲಿ ಬಿಳಿ ಬೇಕೋ ಅಲ್ಲಿ ಯಂತ್ರ ಏನನ್ನೂ ಹಾಕದೆ ಖಾಲಿ ಬಿಡುತ್ತದೆ. ತಗಡಿನ ಬಿಳಿ ಲೇಪವೇ ಬಿಳಿಯಾಗಿ ಕಾಣುತ್ತದೆ. ಬಿಳಿ ಲೇಪವಿಲ್ಲದ ಬೆಳ್ಳಿ ತಗಡಿನಲ್ಲಿ ಆ ಜಾಗದಲ್ಲಿ ಬರಿಯ ಲೋಹ ಕಾಣುತ್ತದೆ. ಮೊನೆಯ ಅಲೆಗಳಲ್ಲಿ ನೊರೆಯೇ ಎಲ್ಲಕ್ಕಿಂತ ಬೆಳ್ಳಗಿನ ಭಾಗ. ಅದನ್ನು ಬಿಳಿ ಬಣ್ಣವನ್ನು ದಪ್ಪವಾಗಿ ಹಚ್ಚಿ ಬರೆದಿರುತ್ತಾನೆ. ಬೆಳ್ಳಿ ತಗಡಿನ ಮೇಲೆ ಅದೇ ನೊರೆ, ಕಿಟಕಿಯ ಬೆಳಕು ಬಿದ್ದಾಗ ಕಣ್ಣು ಕುಕ್ಕುತ್ತದೆ. ನೀವು ಎರಡು ಹೆಜ್ಜೆ ಆಚೆ ಸರಿದರೆ ಸೀಸದ ಬಣ್ಣಕ್ಕೆ ತಿರುಗಿ, ಸುತ್ತಲಿನ ನೀರಿಗಿಂತ ಕಪ್ಪಾಗುತ್ತದೆ. ಯಾವುದು ಬೆಳಕು, ಯಾವುದು ನೆರಳು ಎಂದು ಕಲಾವಿದ ಅಳೆದು ತೂಗಿ ಇಟ್ಟ ಲೆಕ್ಕವನ್ನು ತಗಡು ತಿರುವು ಮುರುವು ಮಾಡಿಬಿಡುತ್ತದೆ.

ಈ ಲೆಕ್ಕ ಎಷ್ಟು ಸೂಕ್ಷ್ಮವಾದದ್ದು ಎಂಬುದನ್ನು ನಾವು ಕಲಿತದ್ದು ‘ಇಂಪ್ರೆಷನ್, ಸೂರ್ಯೋದಯ’ದ ನಮ್ಮ ಮೊದಲ ಪ್ರತಿಯಿಂದ. ಕಂಪ್ಯೂಟರಿನಲ್ಲಿ ಕಾಂಟ್ರಾಸ್ಟನ್ನು ತಾನಾಗಿಯೇ ಸರಿಪಡಿಸುವ ಗುಂಡಿಯನ್ನು ಒತ್ತಿ, ಗ್ಲಾಸಿ ತಗಡಿನ ಮೇಲೆ ಮುದ್ರಿಸಿದ್ದೆವು. ಸೂರ್ಯ ಹಚ್ಚಿಟ್ಟ ಬಲ್ಬಿನಂತೆ ಎದ್ದು ಕಂಡ. ಸುತ್ತಲಿನ ಮಂಜು ಹೊಗೆಯಂತೆ ಕಪ್ಪಾಯಿತು. ಒಂದು ವಾರ ಗೋಡೆಯ ಮೇಲಿಟ್ಟು ನೋಡಿದರೂ ಏನು ತಪ್ಪಾಗಿದೆ ಎಂದು ತಿಳಿಯಲಿಲ್ಲ, ಆದರೆ ಬೆಳಗಿನ ಜಾವದ ತಂಪು ಅದರಲ್ಲಿರಲಿಲ್ಲ. ಆ ಮೇಲೆ ಮೂಲ ಚಿತ್ರದ ಫೋಟೊವನ್ನು ಪರದೆಯ ಮೇಲೆ ಕಪ್ಪುಬಿಳುಪಿಗೆ ತಿರುಗಿಸಿದಾಗ ಕಾರಣ ಹೊಳೆಯಿತು: ಕಪ್ಪುಬಿಳುಪಿನಲ್ಲಿ ಸೂರ್ಯ ಬಹುತೇಕ ಕಾಣೆಯಾಗುತ್ತಾನೆ. ಮೊನೆ ಆ ಕಿತ್ತಳೆ ಬಿಂಬವನ್ನು ಸುತ್ತಲಿನ ಬೂದು ಮೋಡದಷ್ಟೇ ಬೆಳಕಿನ ಮಟ್ಟದಲ್ಲಿ ಬರೆದಿದ್ದಾನೆ. ಬಣ್ಣದಲ್ಲಿ ಬೇರೆ, ಬೆಳಕಿನಲ್ಲಿ ಒಂದೇ. ಆದ್ದರಿಂದಲೇ ಆ ಸೂರ್ಯ ಮಿಡಿಯುತ್ತಿರುವಂತೆ ತೋರುತ್ತಾನೆ. ನಾವು ಅವನನ್ನು ‘ಸುಧಾರಿಸಿ’ ಕೆಡಿಸಿದ್ದೆವು. ಅಂದಿನಿಂದ ಪ್ರತಿಯೊಂದು ಚಿತ್ರದ ಕಡತವನ್ನು ಮೂಲದೊಡನೆ ಕಪ್ಪುಬಿಳುಪಿನಲ್ಲಿ ಹೋಲಿಸಿ ನೋಡದೆ ಪ್ರೆಸ್ಸಿಗೆ ಕಳಿಸುವುದಿಲ್ಲ.

ಆದ್ದರಿಂದ ನಮ್ಮ ಸಲಹೆ ಬಿಳಿ ಲೇಪದ ಮ್ಯಾಟ್ ತಗಡು. ಬಿಸಿಲು ತುಂಬಿದ, ಗಾಢ ಬಣ್ಣಗಳ ಚಿತ್ರಗಳಿಗೆ ಅರೆಹೊಳಪಿನ ತಗಡು ಒಪ್ಪುತ್ತದೆ. ಮೊನೆ 1867ರಲ್ಲಿ ಬರೆದ ‘ಸೇಂತ್ ಆದ್ರೆಸ್‌ನ ತೋಟ’ದಲ್ಲಿ ಬಾವುಟ, ಹೂವು, ಕಡಲು ಎಲ್ಲವೂ ನಡುಹಗಲಿನ ಬಿಸಿಲಿನಲ್ಲಿ ನಿಂತಿವೆ, ಅದಕ್ಕೆ ಹೊಳಪು ಹೊಂದುತ್ತದೆ. ಬೆಳ್ಳಿ ತಗಡನ್ನು ನಾವು ಒಪ್ಪುವುದು ಬೆಳದಿಂಗಳ ಚಿತ್ರಗಳಿಗೆ ಮಾತ್ರ. ಬೂಲೋನ್ ಬಂದರಿನ ಮೇಲಿನ ಬೆಳದಿಂಗಳನ್ನು ಎದುವಾರ್ ಮಾನೆ (ಮೊನೆಯ ಕಾಲದವನೇ ಆದ ಇನ್ನೊಬ್ಬ ಚಿತ್ರಕಾರ) ಬರೆದ ಚಿತ್ರದಲ್ಲಿ, ಕತ್ತಲೆಯ ನಡುವೆ ಲೋಹ ಅಲ್ಲಲ್ಲಿ ಇಣುಕಿದರೆ ಹಾನಿಯಿಲ್ಲ.

ಚಿತ್ರದ ಕಡತ ಎಲ್ಲಿಂದ ತರುತ್ತೀರಿ? ಗೂಗಲ್‌ನಿಂದ ಇಳಿಸಿಕೊಂಡದ್ದು ಆಗುವುದಿಲ್ಲವೇ?

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ, ಷಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್ 2018ರಲ್ಲಿ, ಹಕ್ಕುಸ್ವಾಮ್ಯ ಮುಗಿದ ತಮ್ಮ ಕೃತಿಗಳ ದೊಡ್ಡ ಛಾಯಾಚಿತ್ರಗಳನ್ನು ಯಾರು ಬೇಕಾದರೂ, ವ್ಯಾಪಾರಕ್ಕೂ ಸಹ, ಬಳಸಬಹುದೆಂದು ಬಿಡುಗಡೆ ಮಾಡಿದವು. ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್ ಕೂಡ ಹಾಗೆಯೇ ಮಾಡಿದೆ. ಸಾಧ್ಯವಾದಷ್ಟೂ ಈ ಸಂಗ್ರಹಗಳಲ್ಲಿರುವ ಚಿತ್ರಗಳನ್ನೇ ಆರಿಸಿಕೊಳ್ಳಿರೆಂದು ನಾವು ಹೇಳುತ್ತೇವೆ. ಅಲ್ಲಲ್ಲಿ ಸಿಗುವ ಕಡತಗಳಲ್ಲಿ ಒಂದೇ ಚಿತ್ರ ಒಂದೆಡೆ ಹಸಿರಾಗಿ, ಇನ್ನೊಂದೆಡೆ ಅರಿಸಿನ ಬಳಿದಂತೆ, ಮತ್ತೊಂದೆಡೆ ಅಂಚು ಕತ್ತರಿಸಿಕೊಂಡು ಇರುತ್ತದೆ. ಅವುಗಳಲ್ಲಿ ಯಾವುದು ನಿಜವೆಂದು ತೀರ್ಮಾನಿಸಲು ಮ್ಯೂಸಿಯಮ್ಮಿನ ಛಾಯಾಚಿತ್ರವೇ ಬೇಕು.

ಅಳತೆಯ ಲೆಕ್ಕ ಹೀಗಿದೆ. ಗೋಡೆಯ ಚಿತ್ರಕ್ಕೆ ಇಂಚಿಗೆ 150 ಪಿಕ್ಸೆಲ್ ಇದ್ದರೆ ಸಾಕು; ಹತ್ತಿರದಿಂದ ನೋಡುವ ಸಣ್ಣ ಚಿತ್ರಕ್ಕೆ 300 ಇದ್ದರೆ ಚೆನ್ನ. 36 ಇಂಚು ಅಗಲ, 24 ಇಂಚು ಎತ್ತರದ ತಗಡಿಗೆ ಕನಿಷ್ಠ 5400 × 3600 ಪಿಕ್ಸೆಲ್ಲಿನ ಕಡತ ಬೇಕಾಗುತ್ತದೆ. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದ ಚಿತ್ರ ಅರ್ಧ ದಾರಿಯಲ್ಲಿಯೇ ಕುಗ್ಗಿರುತ್ತದೆ. ದಯವಿಟ್ಟು ಡಾಕ್ಯುಮೆಂಟ್ ಆಗಿ ಕಳಿಸಿರಿ. ಸಣ್ಣ ಕಡತವನ್ನು ಕೃತಕ ಬುದ್ಧಿಮತ್ತೆಯ ತಂತ್ರಾಂಶದಿಂದ ಹಿಗ್ಗಿಸಿ ಮುದ್ರಿಸಲು ನಾವು ಒಪ್ಪುವುದಿಲ್ಲ. ಅಂಥ ತಂತ್ರಾಂಶ ಇಲ್ಲದ ವಿವರವನ್ನು ಊಹಿಸಿ ತುಂಬುತ್ತದೆ. ಮೊನೆ ಎಳೆಯದ ಕುಂಚದ ಗೆರೆಯನ್ನು ಅವನ ಹೆಸರಿನಲ್ಲಿ ಗೋಡೆಗೆ ಹಾಕುವುದು ಸರಿಯಲ್ಲ.

ಇದು ಕಾನೂನಿಗೆ ಒಪ್ಪುವ ಕೆಲಸವೇ?

ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಕಲಾಕೃತಿಯ ಹಕ್ಕು ಕಲಾವಿದನ ಜೀವಿತಾವಧಿ ಮತ್ತು ಅವನ ಮರಣಾನಂತರ 60 ವರ್ಷಗಳವರೆಗೆ ಇರುತ್ತದೆ. ಮಾನೆ 1883ರಲ್ಲಿ, ಬೆರ್ತ್ ಮೊರಿಸೊ 1895ರಲ್ಲಿ, ಬೂದಾಂ 1898ರಲ್ಲಿ, ರೆನ್ವಾ 1919ರಲ್ಲಿ, ಮೊನೆ 1926ರಲ್ಲಿ ತೀರಿಕೊಂಡರು. ಇವರೆಲ್ಲರ ಚಿತ್ರಗಳು ಈಗ ಸಾರ್ವಜನಿಕ ಸ್ವತ್ತು. ಚಿತ್ರದ ಫೋಟೊ ತೆಗೆದವರ ಹಕ್ಕು ಬೇರೆಯ ಮಾತು. ಆ ಕಾರಣಕ್ಕೂ ನಾವು ಸಂಗ್ರಹಾಲಯಗಳು ಬಿಡುಗಡೆ ಮಾಡಿದ ಕಡತಗಳನ್ನು ಮೊದಲು ಹುಡುಕುತ್ತೇವೆ.

ಬಣ್ಣಗಳು ಮೂಲದಂತೆಯೇ ಬರುತ್ತವೆಯೇ?

ಬಹಳ ಹತ್ತಿರ ಬರುತ್ತವೆ, ಆದರೆ ಪೂರ್ತಿಯಾಗಿ ಅಲ್ಲ. ಎಣ್ಣೆಬಣ್ಣದಲ್ಲಿ ಕೋಬಾಲ್ಟ್, ಸೆರೂಲಿಯನ್, ಅಲ್ಟ್ರಾಮರೀನ್ ಎಂಬ ನೀಲಿಗಳು ಒಂದೊಂದೂ ಬೇರೆ ಬೇರೆ ವಸ್ತುಗಳಿಂದ ಆದವು. ಮುದ್ರಣ ಯಂತ್ರ ಅವೆಲ್ಲವನ್ನೂ ಕೆಲವೇ ಶಾಯಿಗಳ ಮಿಶ್ರಣದಿಂದ ಹೊರಡಿಸಬೇಕು. ವಿರಿಡಿಯನ್ ಎಂಬ ಆಳವಾದ ಹಸಿರಿನಲ್ಲಿ ಈ ಕೊರತೆ ಹೆಚ್ಚು ಕಾಣುತ್ತದೆ. ಒಂದು ಬಣ್ಣ ಕೈಗೆ ಸಿಗದಿದ್ದಾಗ ನಾವು ಅದನ್ನು ಬಲವಂತದಿಂದ ಗಾಢ ಮಾಡದೆ, ಅದರ ಪಕ್ಕದ ಬಣ್ಣದೊಂದಿಗಿನ ಸಂಬಂಧವನ್ನು ಉಳಿಸಿಕೊಳ್ಳುತ್ತೇವೆ. ಇಂಪ್ರೆಷನಿಸ್ಟರು ನೆರಳನ್ನು ಕಪ್ಪಿನಿಂದ ಬರೆಯುವ ಬದಲು ನೀಲಿ, ನೇರಳೆಗಳಿಂದ ಬರೆದರು. ಕಿತ್ತಳೆಯ ಬಗಲಿಗೆ ನೀಲಿಯನ್ನಿಟ್ಟು ಎರಡೂ ಒಂದನ್ನೊಂದು ಬೆಳಗುವಂತೆ ಮಾಡಿದರು. ಆ ಜೋಡಿ ಉಳಿದರೆ ಚಿತ್ರ ಉಳಿಯುತ್ತದೆ. ದೊಡ್ಡ ತಗಡಿಗೆ ಕೈ ಹಾಕುವ ಮೊದಲು ಅಂಗೈ ಅಗಲದ ಮಾದರಿಯನ್ನು ಒತ್ತಿ ತೋರಿಸುತ್ತೇವೆ. ಅದನ್ನು ಮನೆಗೆ ಒಯ್ದು, ಚಿತ್ರ ಹಾಕಬೇಕೆಂದಿರುವ ಗೋಡೆಯ ಮೇಲೆಯೇ ಹಗಲೂ ರಾತ್ರಿಯೂ ಇಟ್ಟು ನೋಡಿರಿ.

ಮುಟ್ಟಿದರೆ ಕುಂಚದ ಗುರುತು ಕೈಗೆ ಸಿಗುತ್ತದೆಯೇ?

ಸಿಗುವುದಿಲ್ಲ, ಮೇಲ್ಮೈ ನುಣುಪಾಗಿರುತ್ತದೆ. ಯುವಿ ಯಂತ್ರದಲ್ಲಿ ಪಾರದರ್ಶಕ ಶಾಯಿಯನ್ನು ಪದರದ ಮೇಲೆ ಪದರ ಹಾಕಿ ಉಬ್ಬು ಬರಿಸಬಹುದು. ಆದರೆ ಮೂಲ ಚಿತ್ರದ ಉಬ್ಬುತಗ್ಗುಗಳನ್ನು ನಿಜವಾಗಿ ಅಳೆದ ಮಾಹಿತಿ ಇಲ್ಲದೆ ಹಾಗೆ ಮಾಡಿದರೆ, ಆ ಉಬ್ಬಿಗೂ ಚಿತ್ರಕ್ಕೂ ಸಂಬಂಧವೇ ಇರುವುದಿಲ್ಲ.

ಲೇಸರಿನಿಂದ ಕತ್ತರಿಸಿದ ಕಬ್ಬಿಣದ ಕಲೆಯನ್ನೋ ತಾಮ್ರದ ಉಬ್ಬುಕೆಲಸವನ್ನೋ ಈ ಚಿತ್ರಗಳಿಗೆ ಮಾಡಬಹುದಲ್ಲವೇ?

ಹುಬ್ಬಳ್ಳಿಯ ವರ್ಕ್‌ಶಾಪುಗಳಲ್ಲಿ ಲೇಸರ್ ಕಟಿಂಗ್ ಮಾಡುವ ಕುಶಲಿಗಳಿಗೆ ಕೊರತೆಯಿಲ್ಲ; ಕಂಚಗಾರ ಗಲ್ಲಿ ಎಂಬ ಹೆಸರೇ ಹೇಳುವಂತೆ ಲೋಹ ಈ ಊರಿಗೆ ಹೊಸದೂ ಅಲ್ಲ. ಆದರೂ ಇಂಪ್ರೆಷನಿಸ್ಟ್ ಚಿತ್ರಕ್ಕೆ ಕತ್ತರಿಸುವ ಕೆಲಸ ಹೊಂದುವುದಿಲ್ಲ ಎಂದೇ ನಮ್ಮ ಅಭಿಪ್ರಾಯ. ಕತ್ತರಿಸಲು ಒಂದು ಅಂಚು ಬೇಕು. ಈ ಚಿತ್ರಗಳಲ್ಲಿ ಅಂಚೇ ಇಲ್ಲ. ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಆರಂಭವಾಯಿತು ಎಂದು ಬೆರಳಿಟ್ಟು ತೋರಿಸಲು ಬಾರದಂತೆ ಬರೆಯುವುದೇ ಅವರ ಸಾಧನೆ. ರೆನ್ವಾ 1879ರಲ್ಲಿ ಬರೆದು, ಈಗ ಷಿಕಾಗೊದಲ್ಲಿರುವ ಸಮುದ್ರಚಿತ್ರವನ್ನು ನೋಡಿದವರಿಗೆ ಇದು ಚೆನ್ನಾಗಿ ತಿಳಿಯುತ್ತದೆ. ಕತ್ತರಿಸಿದ ತಗಡಿಗೆ ಗೆರೆಯ ಚಿತ್ರಗಳು ಒಪ್ಪುತ್ತವೆ. ಜಪಾನಿನ ಹೊಕುಸಾಯ್ ಮಾಡಿದ ಮಹಾ ಅಲೆಯ ಮರದಚ್ಚಿನ ಚಿತ್ರವನ್ನು ಕಬ್ಬಿಣದ ಮೂರು ಪದರಗಳಲ್ಲಿ ಕತ್ತರಿಸಿದರೆ ಅದು ಸೊಗಸಾಗಿಯೇ ಬರುತ್ತದೆ. ಮೊನೆಯೂ ಜಪಾನಿನ ಅಚ್ಚುಚಿತ್ರಗಳನ್ನು ಪ್ರೀತಿಯಿಂದ ಕೂಡಿಟ್ಟವನು. ಕಡಲನ್ನೇ ಬಯಸಿ, ಕತ್ತರಿಸಿದ ಲೋಹವನ್ನೂ ಬಯಸುವವರಿಗೆ ನಾವು ಆ ದಾರಿ ತೋರಿಸುತ್ತೇವೆ. ತಾಮ್ರದ ವಿಷಯದಲ್ಲಿ ತೊಡಕು ಅದರ ಕೆಂಪು: ಅದರ ಮೇಲೆ ಯಾವ ಕಡಲೂ ಸಂಜೆಯ ಕಡಲಾಗಿಬಿಡುತ್ತದೆ.

ಯಾವ ಚಿತ್ರದಿಂದ ಆರಂಭಿಸಬೇಕು?

ಮೊದಲ ಸಲ ಕೊಳ್ಳುವವರಿಗೆ ನಾವು ಹೆಚ್ಚಾಗಿ ತೋರಿಸುವುದು ಮೊನೆ 1882ರಲ್ಲಿ ಬರೆದ ‘ಪೂರ್ವಿಲ್‌ನ ಬಂಡೆಯಂಚಿನ ನಡಿಗೆ’ಯನ್ನು. ಗಾಳಿಗೆ ಬಾಗಿದ ಹುಲ್ಲು, ತುದಿಯಲ್ಲಿ ನಿಂತ ಇಬ್ಬರು ಹೆಂಗಸರು, ಕೆಳಗೆ ಹಾಯಿದೋಣಿಗಳು ಚೆಲ್ಲಿದ ಕಡಲು. ಪ್ರಸನ್ನವಾದ ಚಿತ್ರ, ಪಡಸಾಲೆಗೆ ಚೆನ್ನಾಗಿ ಹೊಂದುತ್ತದೆ. ಬೂದಾಂನ ಕಡಲತೀರದ ಚಿತ್ರಗಳಲ್ಲಿ ಬಹುಭಾಗ ಆಕಾಶವೇ ಇರುತ್ತದೆ, ಕೆಳಗೆ ಜನರು ಸಾಲಾಗಿ ಚುಕ್ಕಿಗಳಂತೆ. ಅವು ಸಣ್ಣ ಅಳತೆಯಲ್ಲಿಯೇ ಚಂದ. ಮೊರಿಸೊ 1869ರಲ್ಲಿ ಬರೆದ ಲೋರಿಯಾಂ ಬಂದರಿನ ಚಿತ್ರ ಶಾಂತವಾದದ್ದು, ಓದುವ ಕೋಣೆಗೆ ತಕ್ಕದ್ದು.

ನಮಗೆ ಎಲ್ಲಕ್ಕಿಂತ ಇಷ್ಟವಾದದ್ದು ಎತ್ರೆತಾ ಎಂಬಲ್ಲಿನ ಬಂಡೆಯ ಕಮಾನು, ‘ಮಾನ್‌ಪೋರ್ತ್’. 1883ರ ಆ ಚಿತ್ರ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಸುಣ್ಣಕಲ್ಲಿನ ಕಮಾನಿನ ಒಳಮೈಗೆ ಬಿಸಿಲು ಬಡಿದು, ಕಲ್ಲೇ ಬೆಣ್ಣೆಯಂತೆ ಮೆತ್ತಗಾದಂತೆ ತೋರುತ್ತದೆ. ಅದೇ ಕಮಾನಿನ ಬಳಿ 1885ರಲ್ಲಿ ಮೊನೆ ಭರತದ ಹೊತ್ತನ್ನು ತಪ್ಪಾಗಿ ಲೆಕ್ಕಹಾಕಿ ಬರೆಯುತ್ತ ಕುಳಿತಿದ್ದಾಗ, ದೊಡ್ಡ ಅಲೆಯೊಂದು ಅವನನ್ನು ಬಂಡೆಗೆ ಅಪ್ಪಳಿಸಿ ಎಳೆದೊಯ್ದಿತು. ಅವನು ಹೇಗೋ ಪಾರಾದ, ಆದರೆ ಚಿತ್ರವೂ ಸಲಕರಣೆಗಳೂ ನೀರಿನ ಪಾಲಾದವು. ನೀರಿಗೆ ಅಷ್ಟು ಹತ್ತಿರ ಕುಳಿತು ಬರೆದವನ ಚಿತ್ರವಿದು ಎಂದು ತಿಳಿದು ನೋಡಿದರೆ ಆ ಅಲೆಗಳ ಮೇಲಿನ ಒಂದೊಂದು ಗೀಟಿಗೂ ಬೇರೆಯೇ ತೂಕ ಬರುತ್ತದೆ.

ನಮ್ಮ ಗೋಡೆಗೆ ಅಗಲ ಬೇಕು. ಚಿತ್ರವನ್ನು ಮೇಲೆ ಕೆಳಗೆ ಕತ್ತರಿಸಿ ಅಗಲ ಮಾಡಬಹುದೇ? ಮೂರು ತುಂಡು ಮಾಡಬಹುದೇ?

ಕತ್ತರಿಸಬೇಡಿರೆಂದು ಕೇಳಿಕೊಳ್ಳುತ್ತೇವೆ. ‘ಮಾನ್‌ಪೋರ್ತ್’ನ ಮೂಲ ಅಳತೆ 65.4 × 81.3 ಸೆಂಟಿಮೀಟರ್, ಅದಕ್ಕೆ 24 × 30 ಇಂಚಿನ ತಗಡು ಸರಿಯಾಗಿ ಕೂರುತ್ತದೆ. ‘ಸೂರ್ಯೋದಯ’ 48 × 63 ಸೆಂಟಿಮೀಟರಿನದು; 18 × 24 ಇಂಚಿನ ತಗಡಿನಲ್ಲಿ ಅದು ಬಹುತೇಕ ಮೂಲದಷ್ಟೇ ದೊಡ್ಡದಾಗಿ ಬರುತ್ತದೆ. ಸೋಫಾದ ಮೇಲಿನ ಆರು ಅಡಿಯ ಗೋಡೆ ತುಂಬಬೇಕೆಂದು ಅದನ್ನೇ ಉದ್ದುದ್ದ ಕತ್ತರಿಸಿದರೆ ಮೇಲಿನ ಆಕಾಶವೋ ಕೆಳಗಿನ ನೀರೋ ಹೋಗುತ್ತದೆ. ದೋಣಿಗೂ ಸೂರ್ಯನಿಗೂ ನಡುವಿನ ಬಿಡುವು ಅರ್ಥ ಕಳೆದುಕೊಳ್ಳುತ್ತದೆ. ಅಗಲ ಬೇಕಾದವರು ಒಂದೇ ಅಳತೆಯ ಎರಡು ಚಿತ್ರಗಳನ್ನು ಅಕ್ಕಪಕ್ಕ ಹಾಕುವುದು ಒಳ್ಳೆಯದು.

ಮೂರು ತುಂಡುಗಳ ಬೇಡಿಕೆ ಬಹಳ ಬರುತ್ತದೆ. ಮಾಡುವುದೇ ಆದರೆ, ತುಂಡುಗಳ ನಡುವಿನ ಒಂದೊಂದು ಇಂಚಿನ ಸಂದಿಯ ಹಿಂದೆ ಚಿತ್ರ ಮುಂದುವರಿಯುತ್ತಿದೆ ಎಂಬಂತೆ ಅಷ್ಟು ಪಟ್ಟಿಯನ್ನು ಬಿಟ್ಟು ಮುದ್ರಿಸಬೇಕು. ಹಾಗೆ ಮಾಡದಿದ್ದರೆ ಚಿತ್ರದ ಓರೆ ಗೆರೆಗಳು ಒಂದು ತುಂಡಿನಿಂದ ಇನ್ನೊಂದಕ್ಕೆ ಹೋಗುವಾಗ ಮುರಿದಂತೆ ಕಾಣುತ್ತವೆ. ಸಂದಿ ಯಾವ ಮನುಷ್ಯನ ಮೇಲೆಯೂ ದೋಣಿಯ ಮೇಲೆಯೂ ಬೀಳಕೂಡದು.

ತೂಕ ಎಷ್ಟು? ಹಳೆಯ ಮಣ್ಣಿನ ಗೋಡೆಗೆ ಹಾಕಬಹುದೇ?

24 × 36 ಇಂಚಿನ ತಗಡು ಸುಮಾರು 1.7 ಕಿಲೊ ತೂಗುತ್ತದೆ. ಹಿಂದಿನ ಅಲ್ಯೂಮಿನಿಯಂ ಪಟ್ಟಿಗಳು ಸೇರಿದರೆ ಸ್ವಲ್ಪ ಹೆಚ್ಚು. ಅದೇ ಅಳತೆಯ ಗಾಜಿನ ಕಟ್ಟಿಗಿಂತ ಇದು ಬಹಳ ಹಗುರ. ಇಟ್ಟಿಗೆಗೆ ಸಿಮೆಂಟ್ ಗಿಲಾವು ಮಾಡಿದ ಗೋಡೆಗೆ ಪ್ಲಾಸ್ಟಿಕ್ ಪ್ಲಗ್ ಕೂರಿಸಿ ಎರಡು ಸ್ಕ್ರೂ ಹಾಕಿದರೆ ಸಾಕು. ಒಂದೇ ಮೊಳೆಗೆ ತೂಗುಹಾಕಿದರೆ ಫ್ಯಾನಿನ ಗಾಳಿಗೆ ಓರೆಯಾಗುತ್ತದೆ, ಓರೆಯಾದ ಕಡಲು ಕಣ್ಣಿಗೆ ತಕ್ಷಣ ಕಾಣುತ್ತದೆ.

ಗದಗ ಮತ್ತು ಹಾವೇರಿ ಕಡೆಯ ಹಳೆಯ ಮಾಳಿಗೆ ಮನೆಗಳ ದಪ್ಪ ಮಣ್ಣಿನ ಗೋಡೆಯಲ್ಲಿ ಪ್ಲಗ್ ನಿಲ್ಲುವುದಿಲ್ಲ; ಡ್ರಿಲ್ ಹಾಕಿದಷ್ಟೂ ತೂತು ದೊಡ್ಡದಾಗುತ್ತ ಹೋಗುತ್ತದೆ. ಅಂಥ ಮನೆಗಳಲ್ಲಿ ಹಿರಿಯರು ಮೊದಲೇ ಹೊಡೆಸಿಟ್ಟ ಕಟ್ಟಿಗೆಯ ಗೂಟಗಳಿರುತ್ತವೆ. ಅವುಗಳಿಗೇ ಸ್ಕ್ರೂ ಹಾಕುವಂತೆ ಹಿಂದಿನ ಪಟ್ಟಿಯ ಅಂತರವನ್ನು ಹೊಂದಿಸಿ ಕೊಡುತ್ತೇವೆ. ಗೂಟದಿಂದ ಗೂಟಕ್ಕೆ ಎಷ್ಟು ದೂರವೆಂದು ಅಳೆದು ತಿಳಿಸಿರಿ.

ಯಾವ ಬೆಳಕಿನಲ್ಲಿ ನೋಡಬೇಕು?

ಕಿಟಕಿಯ ಎದುರಿನ ಗೋಡೆ ಬೇಡ, ಕಿಟಕಿಯ ಪಕ್ಕದ ಗೋಡೆ ಒಳ್ಳೆಯದು. ಎದುರಿಗಿದ್ದರೆ ಮ್ಯಾಟ್ ತಗಡಿನಲ್ಲಿಯೂ ಕಿಟಕಿಯ ಬಿಳುಪು ಸ್ವಲ್ಪ ಬೀಳುತ್ತದೆ. ರಾತ್ರಿಯ ದೀಪ ಬಹಳ ಹಳದಿಯಾಗಿದ್ದರೆ ನೀಲಿಗಳು ಬೂದಿಯಾಗುತ್ತವೆ. ಬೆಳಕಿನ ಬಣ್ಣ 4000 ಕೆಲ್ವಿನ್ ಆಸುಪಾಸಿನ, ಬಣ್ಣ ತೋರಿಸುವ ಗುಣಾಂಕ ಅಂದರೆ ಸಿಆರ್‌ಐ 90ಕ್ಕಿಂತ ಹೆಚ್ಚಿರುವ ಎಲ್‌ಇಡಿ ಹಾಕಿಸಿರಿ. ಸಿಆರ್‌ಐ ಸಂಖ್ಯೆಯನ್ನು ದೀಪದ ಡಬ್ಬಿಯ ಮೇಲೆ ನೋಡಿ ಕೊಳ್ಳಿರಿ. ಮೇಲಿನಿಂದ ಸುಮಾರು 30 ಡಿಗ್ರಿ ಓರೆಯಾಗಿ ಬೆಳಕು ಬಿದ್ದರೆ ಪ್ರತಿಫಲನ ನೋಡುವವರ ಕಣ್ಣಿಗೆ ಬಡಿಯುವುದಿಲ್ಲ. ಕುಳಿತುಕೊಳ್ಳುವ ಜಾಗ ಚಿತ್ರದಿಂದ ಆರೇಳು ಅಡಿ ದೂರವಿರಲಿ. ಹತ್ತಿರ ಹೋದರೆ ಬರಿಯ ಗೀಟುಗಳು, ಹಿಂದೆ ಸರಿದರೆ ನೀರು.

ಮಳೆಗಾಲದಲ್ಲಿ ತುಕ್ಕು ಹಿಡಿಯುವುದಿಲ್ಲವೇ?

ಅಲ್ಯೂಮಿನಿಯಮ್ಮಿಗೆ ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ. ಗಾಳಿ ಸೋಂಕಿದೊಡನೆ ಅದರ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪದರ ಕಟ್ಟಿಕೊಂಡು, ಒಳಗಿನ ಲೋಹವನ್ನು ಅದೇ ಕಾಯುತ್ತದೆ. ಧಾರವಾಡದ ಮಳೆಗೆ ಪಡುವಣ ಗೋಡೆಗಳು ತಿಂಗಳುಗಟ್ಟಲೆ ತೇವವಾಗಿರುವ ಮನೆಗಳಲ್ಲಿ ಕ್ಯಾನ್ವಾಸಿಗೆ ಬೂಷ್ಟು ಬರುತ್ತದೆ, ಕಟ್ಟಿಗೆಯ ಚೌಕಟ್ಟಿಗೆ ಗೆದ್ದಲು ಹತ್ತುತ್ತದೆ, ಎಂಡಿಎಫ್ ಹಲಗೆ ನೀರು ಕುಡಿದು ಉಬ್ಬುತ್ತದೆ. ನಾವು ಲೋಹವನ್ನು ಆರಿಸಿಕೊಂಡದ್ದಕ್ಕೆ ಈ ಮಳೆಗಾಲವೇ ಮೊದಲ ಕಾರಣ. ಹಾಗಿದ್ದರೂ ಗೋಡೆಗೂ ತಗಡಿಗೂ ನಡುವೆ ಅರ್ಧ ಇಂಚು ಗಾಳಿಯಾಡುವಂತೆ ಬಿಟ್ಟೇ ಕೂರಿಸುತ್ತೇವೆ. ಕಾರವಾರ, ಕುಮಟಾ ಕಡೆಯ ಮನೆಗಳಿಗೆ ಒಯ್ಯುವವರು ಮೊದಲೇ ತಿಳಿಸಿರಿ: ಉಪ್ಪು ಗಾಳಿಯಲ್ಲಿ ಸ್ಟೀಲ್ ಸ್ಕ್ರೂ ತಾಗಿದಲ್ಲಿ ಅಲ್ಯೂಮಿನಿಯಂ ಸವೆಯುತ್ತದೆ, ಆದ್ದರಿಂದ ನಡುವೆ ನೈಲಾನ್ ವಾಷರ್ ಹಾಕಿ ಕೊಡುತ್ತೇವೆ.

ಮಳೆಗಾಲ ತೊಂದರೆ ಕೊಡುವುದು ಮುದ್ರಣದ ಹೊತ್ತಿನಲ್ಲಿ. ಕಾಗದ ತೇವ ಹೀರಿಕೊಂಡಿದ್ದರೆ ಪ್ರೆಸ್ಸಿನ ಶಾಖಕ್ಕೆ ಅದು ಹಬೆಯಾಗಿ, ಆಕಾಶದ ತಿಳಿ ಭಾಗದಲ್ಲಿ ಮಚ್ಚೆಗಳನ್ನು ಬಿಡುತ್ತದೆ. ಆಷಾಢ, ಶ್ರಾವಣಗಳಲ್ಲಿ ಪ್ರತಿಯೊಂದು ಕಾಗದವನ್ನೂ ಮೊದಲು ಬಿಸಿ ಮಾಡಿ ಒಣಗಿಸಿಕೊಳ್ಳಬೇಕಾದ್ದರಿಂದ ಆ ತಿಂಗಳುಗಳಲ್ಲಿ ನಾವು ಹೆಚ್ಚು ದಿನ ಕೇಳುತ್ತೇವೆ.

ಹೊರಗೋಡೆಗೆ ಅಥವಾ ನೇರ ಬಿಸಿಲು ಬೀಳುವ ಕಡೆ ಹಾಕಬಹುದೇ?

ಸಬ್ಲಿಮೇಷನ್ ಬಣ್ಣ ನೇರ ಬಿಸಿಲಿಗೆ ಮಾಸುತ್ತದೆ. ಹೊರಗೆ ಹಾಕಲೇಬೇಕಾದವರು ಯುವಿ ಮುದ್ರಣವನ್ನು ಆರಿಸಿಕೊಳ್ಳಿರಿ.

ಒರೆಸುವುದು ಹೇಗೆ?

ಮೆತ್ತನೆಯ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿ, ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸಿರಿ. ಊದಿನಕಡ್ಡಿಯ ಹೊಗೆಯ ಜಿಡ್ಡಿದ್ದರೆ ಎರಡು ಹನಿ ಸೋಪಿನ ನೀರು ಸಾಕು. ಪಾತ್ರೆ ತಿಕ್ಕುವ ನಾರು, ಆ್ಯಸಿಡ್, ಹುಣಸೆಹಣ್ಣು ಬೇಡ.

ಕಾರವಾರದಲ್ಲಿ ನಾವೇ ತೆಗೆದ ಫೋಟೊವನ್ನು ಮೊನೆಯ ಚಿತ್ರದಂತೆ ಮಾಡಿಕೊಡುತ್ತೀರಾ?

ಫೋಟೊಗೆ ಫಿಲ್ಟರ್ ಹಾಕಿ ಕುಂಚದ ಗೀಟುಗಳನ್ನು ತರಿಸುವುದು ಒಂದು ನಿಮಿಷದ ಕೆಲಸ, ಆದರೆ ಅದರಲ್ಲಿ ಯಾರೂ ಕುಳಿತು ನೋಡಿದ ಬೆಳಕು ಇರುವುದಿಲ್ಲ. ಫೋಟೊವನ್ನು ಫೋಟೊ ಆಗಿಯೇ ತಗಡಿಗೆ ಇಳಿಸಿ ಕೊಡಲು ನಾವು ಸಂತೋಷದಿಂದ ಒಪ್ಪುತ್ತೇವೆ. ಚಿತ್ರವೇ ಬೇಕೆನ್ನುವವರಿಗೆ ಇನ್ನೊಂದು ಮಾತು: ಹಾಲಭಾವಿಯವರು ಧಾರವಾಡದಲ್ಲಿ, ಅಕ್ಕಿಯವರು ಗದಗಿನಲ್ಲಿ ಕಲಾಶಾಲೆ ಕಟ್ಟಿದ ನಾಡು ಇದು; ನಿಸರ್ಗಚಿತ್ರವನ್ನು ಬಯಲಿನಲ್ಲಿ ಕುಳಿತು ಬರೆಯಬಲ್ಲ ಕಲಾವಿದರು ನಮ್ಮ ನಡುವೆಯೇ ಇದ್ದಾರೆ. ಅವರಲ್ಲೊಬ್ಬರನ್ನು ಕಡಲಿಗೆ ಕಳಿಸಿ ಬರೆಯಿಸಿರಿ. ಅವರ ಲಿಖಿತ ಒಪ್ಪಿಗೆಯೊಂದಿಗೆ, ಪ್ರತಿ ತಗಡಿಗೂ ಅವರಿಗೆ ಸಲ್ಲಬೇಕಾದ ಹಣ ಸಲ್ಲಿಸಿ, ಆ ಚಿತ್ರವನ್ನು ಮುದ್ರಿಸೋಣ. ಬದುಕಿರುವ ಕಲಾವಿದರ ಕೆಲಸವನ್ನು ಕೇಳದೆ ಮುದ್ರಿಸುವುದಿಲ್ಲ.

ನೋಡಿದವರು ಇದನ್ನು ಮೂಲವೆಂದು ತಪ್ಪು ತಿಳಿದರೆ?

ತಿಳಿಯಬಾರದೆಂದೇ ಪ್ರತಿಯೊಂದು ತಗಡಿನ ಹಿಂಬದಿಗೆ ಒಂದು ಚೀಟಿ ಅಂಟಿಸುತ್ತೇವೆ. ಚಿತ್ರದಲ್ಲಿರುವ ಕಲಾವಿದನ ಸಹಿ ಚಿತ್ರದ ಭಾಗವಾದ್ದರಿಂದ ಅದನ್ನು ಅಳಿಸುವುದಿಲ್ಲ; ಹೊಸದಾಗಿ ಸೇರಿಸುವುದೂ ಇಲ್ಲ. ಚೀಟಿಯ ಮೇಲೆ ಕನ್ನಡದಲ್ಲಿ ಇಷ್ಟಿರುತ್ತದೆ: ‘ಪ್ರತಿಕೃತಿ. ಕ್ಲೋದ್ ಮೊನೆ, ಮಾನ್‌ಪೋರ್ತ್, ಎತ್ರೆತಾ, 1883. ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣ, 65.4 × 81.3 ಸೆಂ.ಮೀ. ಮೂಲ: ಮೆಟ್ರೊಪಾಲಿಟನ್ ಮ್ಯೂಸಿಯಂ, ನ್ಯೂಯಾರ್ಕ್. ಅಲ್ಯೂಮಿನಿಯಂ ಮೇಲೆ ಮುದ್ರಣ, ಹುಬ್ಬಳ್ಳಿ.’ ಅದರ ಕೆಳಗೆ, ಆ ತಗಡನ್ನು ಒತ್ತಿದವರು ತಾರೀಖು ಹಾಕಿ ತಮ್ಮ ಕೈಯಾರೆ ಸಹಿ ಮಾಡಿರುತ್ತಾರೆ.